ಗೇರ್ ಬಿಗಿಯಾಗಿದೆಯಾ? ಆಯಿಲ್ ಡಬ್ಬದ ಹಿಂಬದಿ ಓದಿ

ಬೆಳಿಗ್ಗೆ ಬದಿಯಡ್ಕದಿಂದ ಕಾರು ಹೊರಡಿಸಿದರೆ ಮೊದಲ ಎರಡು ಕಿಲೋಮೀಟರ್ ಸೆಕೆಂಡ್ ಗೇರ್ ಬೀಳುತ್ತಲೇ ಇರಲಿಲ್ಲ. ಲಿವರ್ ಒತ್ತಿ ಹಿಡಿದು ಒಂದು ಕ್ಷಣ ಕಾದರೆ ಆಮೇಲೆ ಟಕ್ ಅಂತ ಒಳಗೆ. ಮುಳ್ಳೇರಿಯ ಮುಟ್ಟುವಷ್ಟರಲ್ಲಿ ಏನೂ ಆಗಿಯೇ ಇಲ್ಲ ಎಂಬಂತೆ ಸಲೀಸು. ಹೀಗೆ ತಣ್ಣಗಿದ್ದಾಗ ಬಿಗಿ, ಬಿಸಿಯಾದ ಮೇಲೆ ಹಗುರ ಅಂತಾದರೆ ಗೇರ್ ಬಾಕ್ಸಿನ ಆಯಿಲ್ ಮೇಲೆ ಸಂಶಯಪಡಬಹುದು.

ಆದರೆ ಸುಮ್ನೆ ಆಯಿಲಿಗೆ ದುಡ್ಡು ಹಾಕಬೇಡಿ. ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಗಲೂ ಬಿಗಿ ಇದ್ದರೆ ಲಿವರ್‌ನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ಲೋ ಲಿಂಕೇಜಿನ ಬುಷ್ಷೋ ಕೆಟ್ಟಿರಬಹುದು. ಆಫ್ ಇದ್ದಾಗ ಹಗುರ, ಸ್ಟಾರ್ಟ್ ಮಾಡಿದರೆ ಬಿಗಿ ಅಂತಾದರೆ ಕ್ಲಚ್ ಪೂರ್ತಿ ಒತ್ತಿ, ಮೂರು ಎಣಿಸಿ, ರಿವರ್ಸ್ ಹಾಕಿ. ಗರ್ ಅಂದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಅದಕ್ಕೆ ಯಾವ ಆಯಿಲೂ ಮದ್ದಲ್ಲ.

ಇನ್ನು ಆಯಿಲ್. ಡಬ್ಬದ ಹಿಂದೆ ಜಿಎಲ್-4 ಅಥವಾ ಜಿಎಲ್-5 ಅಂತ ಇರುತ್ತದೆ, ಅದು ಗೇರ್ ಆಯಿಲಿನ ದರ್ಜೆ. "ಐದು ಅಂದ್ರೆ ನಾಲ್ಕಕ್ಕಿಂತ ಒಳ್ಳೇದಲ್ವಾ" ಅಂತ ನನಗೊಂದು ಅಂಗಡಿಯಲ್ಲಿ ಹೇಳಿದರು, ನಾನೂ ತಲೆಯಾಡಿಸಿ ಹಾಕಿಸಿಕೊಂಡೆ, ತಿಂಗಳೊಳಗೆ ಥರ್ಡ್‌ನಿಂದ ಸೆಕೆಂಡಿಗೆ ಇಳಿಸುವಾಗ ಗರಗರ ಶುರು. ಜಿಎಲ್-5 ಇರುವುದು ಮುಖ್ಯವಾಗಿ ಜೀಪು, ಪಿಕಪ್ಪುಗಳ ಹಿಂದಿನ ಡಿಫರೆನ್ಷಿಯಲ್‌ಗೆ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡಿಗೆಗೆ. ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರುತ್ತಾ ಜೋರಾಗಿ ಒತ್ತುತ್ತದೆ, ಹಾಗಾಗಿ ಗಂಧಕ, ರಂಜಕದ ಸಂಯುಕ್ತಗಳನ್ನು ಜಿಎಲ್-4ಕ್ಕಿಂತ ಸುಮಾರು ಇಮ್ಮಡಿ ಹಾಕಿರುತ್ತಾರೆ.

ನಮ್ಮ ಗೇರ್ ಬಾಕ್ಸ್ ಒಳಗಿನ ಕತೆ ಬೇರೆ. ಅಲ್ಲಿ ಸಿಂಕ್ರೊ ರಿಂಗ್ ಇದೆ, ಹಲವು ಕಾರುಗಳಲ್ಲಿ ಹಿತ್ತಾಳೆಯದ್ದು. ಗೇರ್ ಹಾಕುವಾಗ ಅದು ಗೇರಿನ ಕೋನ್‌ಗೆ ಉಜ್ಜಿಕೊಂಡು ಎರಡರ ವೇಗ ಸಮ ಮಾಡುತ್ತದೆ. ಉಜ್ಜಬೇಕಾದ ಕಡೆ ಆಯಿಲ್ ತೀರಾ ಜಾರಿದರೆ ವೇಗ ಸಮವಾಗುವ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತದೆ. ಆ ಗಂಧಕ ಹಿತ್ತಾಳೆಯನ್ನು ಮೆಲ್ಲಗೆ ತಿನ್ನಲೂಬಹುದು. ಕಾರಿನ ಜೊತೆ ಬಂದ ಮ್ಯಾನ್ಯುವಲ್ ಪುಸ್ತಕದಲ್ಲಿ ಜಿಎಲ್-4 ಅಂತಿದ್ದರೆ ಜಿಎಲ್-4 ಮಾತ್ರ ಹಾಕಿ. ಹೋಂಡಾದಂತೆ ಕೆಲವು ಕಂಪನಿಯವರು ತಮ್ಮದೇ ಎಂಟಿಎಫ್ (ಗೇರ್ ಬಾಕ್ಸಿನ ಆಯಿಲ್) ಹೇಳುತ್ತಾರೆ, ಆಗ ಅದೇ.

ಆಮೇಲೆ ದಪ್ಪ. 80ಡಬ್ಲ್ಯೂ-90ರಲ್ಲಿ ಮೊದಲ ಅಂಕೆ ಚಳಿಯದ್ದು, ಎರಡನೆಯದು ಬಿಸಿಯದ್ದು. ಕಾಸರಗೋಡಿನಲ್ಲಿ ಎಲ್ಲಿಯ ಚಳಿ ಅಂತ ನಗಬೇಡಿ. ನಮ್ಮ ಬೆಳಗಿನ ತಂಪಿಗೂ 75ಡಬ್ಲ್ಯೂ-90 ಸಿಂಥೆಟಿಕ್ ಸಾಮಾನ್ಯವಾಗಿ ಸ್ವಲ್ಪ ತೆಳ್ಳಗೇ ಇರುತ್ತದೆ, ರಿಂಗಿನ ಸಂದಿಯಿಂದ ಬೇಗ ಸರಿದು ಜಾಗ ಬಿಡುತ್ತದೆ. 75ಡಬ್ಲ್ಯೂ-80 ಇನ್ನೂ ತೆಳು, ಅದನ್ನು ಕಂಪನಿಯೇ ಹೇಳಿದ್ದರೆ ಮಾತ್ರ ಹಾಕಿ. ಗೇರ್ ಹಗುರವಾಗಲಿ ಅಂತ ಜಾಸ್ತಿ ತೆಳ್ಳಗಿನದ್ದು ಹಾಕಿದರೆ ಬೇರಿಂಗಿಗೇ ಪೆಟ್ಟು.

ಬದಲಿಸುವುದು ಕಷ್ಟವಲ್ಲ. ಹತ್ತು ಕಿಲೋಮೀಟರ್ ಓಡಿಸಿ ಬಂದು ಸಮತಟ್ಟು ಜಾಗದಲ್ಲಿ ಕಾರು ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಮೊದಲು ತುಂಬಿಸುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದ್ದು. ಉಲ್ಟಾ ಮಾಡಿ ಮೇಲಿನದ್ದು ತುಕ್ಕು ಹಿಡಿದು ಬರದಿದ್ದರೆ ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಕೂರಬೇಕು! ಕೆಳಗಿನ ಬೋಲ್ಟಿನ ಆಯಸ್ಕಾಂತ ನೋಡಿ. ಕಾಡಿಗೆಯಂತೆ ನುಣ್ಣಗಿನ ಕಪ್ಪು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಉಗುರಿಗೆ ಸಿಗುವ ಲೋಹದ ಚೂರಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಇಳಿಸಿದವರು ಇದನ್ನು ನೋಡಲೇಬೇಕು.

ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟ್ ಬಿಗಿ ಮಾಡಿ, ಮೇಲಿನ ತೂತಿನಿಂದ ಪೈಪಿನಲ್ಲಿ ತುಂಬಿಸಿ. ಎಷ್ಟು ಲೀಟರ್ ಅನ್ನುವುದು ಮ್ಯಾನ್ಯುವಲ್‌ನಲ್ಲಿದೆ. ಹೆಚ್ಚಿನ ಕಾರುಗಳಲ್ಲಿ ತೂತಿನ ಅಂಚಿನಿಂದ ಆಯಿಲ್ ಹೊರಗೆ ತೊಟ್ಟಿಕ್ಕಿದರೆ ಸಾಕು ಅಂತ ಅರ್ಥ. ಹಳೆಯದನ್ನು ತೋಟಕ್ಕೋ ತೋಡಿಗೋ ಚೆಲ್ಲಬೇಡಿ, ಡಬ್ಬಕ್ಕೆ ತುಂಬಿಸಿ ವರ್ಕ್‌ಶಾಪಿಗೆ ಕೊಡಿ. ಹಾಕಿಕೊಂಡ ಅಂಗಿಯ ಆಸೆಯನ್ನೂ ಬಿಡಿ, ಆ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ.

ನನ್ನದರಲ್ಲಿ ಜಿಎಲ್-4ಕ್ಕೆ ಮರಳಿದ ಮೇಲೆ ಬೆಳಗಿನ ಬಿಗಿ ಮಾಯ. ಥರ್ಡ್‌ನಿಂದ ಸೆಕೆಂಡಿಗೆ ಇಳಿಸುವಾಗ ಮಾತ್ರ ಈಗಲೂ ಒಮ್ಮೊಮ್ಮೆ ಗರ್ ಅನ್ನುತ್ತದೆ. ಸವೆದ ರಿಂಗನ್ನು ಆಯಿಲ್ ಬೆಳೆಸಿಕೊಡುವುದಿಲ್ಲವಲ್ಲ, ಗೇರ್ ಬಾಕ್ಸ್ ಬಿಚ್ಚಿಸಬೇಕು. ಅಡಿಕೆ ಮಾರಿದ ಮೇಲೆ ನೋಡೋಣ ಅಂತಿದ್ದೇನೆ.