ಫ್ರೆಂಚ್‌ನಲ್ಲಿ ಬ್ಯಾಗ್‌ಗೆ ಏನಂತಾರೆ?

ಓದಲು ಮೊದಲ ಸಲ ಫ್ರಾನ್ಸಿನ ಬೋರ್ಡೋಗೆ ಹೋದಾಗ ನನ್ನ ಸೂಟ್‌ಕೇಸ್ ನನ್ನ ಜೊತೆ ಬರಲಿಲ್ಲ. ಕೌಂಟರಿನಲ್ಲಿದ್ದವರಿಗೆ "ಮೋಂ ಸಾಕ್" ಎಂದೆ. ನನ್ನ ಬ್ಯಾಗು ಅಂತ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಫಾರಂನಲ್ಲಿ ಮೆತ್ತನೆಯ ಬ್ಯಾಗ್ ಎಂದು ಬರೆದುಕೊಂಡರು. ನನ್ನ ಗಟ್ಟಿ ನೀಲಿ ಸೂಟ್‌ಕೇಸ್ ಸಿಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಸೂಟ್‌ಕೇಸಿಗೆ ಫ್ರೆಂಚರು ಸಾಕ್ ಎನ್ನುವುದಿಲ್ಲ, ವಲೀಜ಼್ ಎನ್ನುತ್ತಾರೆ.

ನಾವು ಎಲ್ಲಕ್ಕೂ ಬ್ಯಾಗ್ ಅಂದುಬಿಡುತ್ತೇವೆ, ಅಲ್ವಾ? ಫ್ರೆಂಚ್‌ನಲ್ಲಿ ಅದು ನಡೆಯುವುದಿಲ್ಲ. ಬ್ಯಾಗ್ ಅನ್ನೋ ಪದವನ್ನು ಪಕ್ಕಕ್ಕಿಟ್ಟು, ಕಣ್ಣ ಮುಂದಿರುವ ವಸ್ತುವನ್ನು ನೋಡಿ. ಅದು ಮೆತ್ತಗಿದೆಯಾ, ಗಟ್ಟಿಯಾಗಿದೆಯಾ? ಎಲ್ಲಿ ಹೊರುತ್ತೀರಿ? ಒಳಗೆ ಏನಿಡುತ್ತೀರಿ? ಅಷ್ಟು ಗೊತ್ತಾದರೆ ಹೆಸರು ತಾನಾಗಿ ಸಿಗುತ್ತದೆ.

ಮೊದಲು ಸಾಕ್. ಚೀಲದಂಥ ಮೆತ್ತನೆಯ ಯಾವುದಕ್ಕೂ ಇದು ಸಲ್ಲುತ್ತದೆ. ನಮ್ಮ "ಸಾಕು" ಪದದ ಕೊನೆಯ ಉಕಾರ ಬಿಟ್ಟರೆ ಉಚ್ಚಾರಣೆ ಸಿದ್ಧ. ಫ್ರೆಂಚ್‌ನಲ್ಲಿ ಪದದ ಕೊನೆಯ ಅಕ್ಷರ ಎಷ್ಟೋ ಸಲ ಮಾಯವಾಗುತ್ತದೆ, ಆದರೆ ಇಲ್ಲಿ ಕ್ ಸ್ಪಷ್ಟವಾಗಿ ಕೇಳಬೇಕು. ಇದು ಪುಲ್ಲಿಂಗ, ಹಾಗಾಗಿ "ಅಂ ಸಾಕ್". ವಲೀಜ಼್ ಸ್ತ್ರೀಲಿಂಗ, "ಉನ್ ವಲೀಜ಼್". ಪದವನ್ನು ಲಿಂಗದ ಜೊತೆಗೇ ಕಲಿಯಿರಿ. ಆಮೇಲೆ ಸೇರಿಸಿಕೊಳ್ಳೋಣ ಅಂದರೆ ಅದು ಯಾವತ್ತೂ ಸೇರುವುದಿಲ್ಲ.

ಸಾಕ್ ನಂತರ ಬರುವ ಪುಟ್ಟ ಪದದಲ್ಲಿ ನಿಜವಾದ ಕೆಲಸವಿದೆ. "ಆ" ಬಂದರೆ ಸಾಮಾನ್ಯವಾಗಿ ಎಲ್ಲಿ ಹೊರುವುದು, ಯಾತಕ್ಕೆ ಬಳಸುವುದು ಎಂದರ್ಥ. ಮ್ಯಾಂ ಅಂದರೆ ಕೈ, ಹಾಗಾಗಿ ಸಾಕ್ ಆ ಮ್ಯಾಂ ಅಂದರೆ ಹ್ಯಾಂಡ್‌ಬ್ಯಾಗ್. ದೋ ಅಂದರೆ ಬೆನ್ನು, ಸಾಕ್ ಆ ದೋ ಅಂದರೆ ಬ್ಯಾಕ್‌ಪ್ಯಾಕ್. ಹೆಗಲಿಗೆ ಅಡ್ಡ ಹಾಕುವ ಶೋಲ್ಡರ್ ಬ್ಯಾಗ್ ಸಾಕ್ ಆ ಬಾಂದುಲಿಯೆರ್. "ದ" ಬಂದರೆ ಯಾವ ಬಗೆಯದು, ಅಥವಾ ಒಳಗೆ ಏನು ತುಂಬಿದೆ ಎಂದರ್ಥ. ಸಾಕ್ ದ ವ್ವಾಯಾಝ್ ಅಂದರೆ ಟ್ರಾವೆಲ್ ಬ್ಯಾಗ್, ಸಾಕ್ ದ ಕುಶಾಝ್ ಅಂದರೆ ಸ್ಲೀಪಿಂಗ್ ಬ್ಯಾಗ್, ಸಾಕ್ ದ ರೀ ಅಂದರೆ ಅಕ್ಕಿ ಮೂಟೆ.

ಇವೆರಡರ ವ್ಯತ್ಯಾಸ ನನಗೆ ಬಟ್ಟೆ ಒಗೆಯುವಾಗ ಹೊಳೆಯಿತು. ಸಾಕ್ ಆ ಲ್ಯಾಂಝ್ ಅಂದರೆ ಒಗೆಯುವ ಬಟ್ಟೆ ಹಾಕಲು ಇಟ್ಟ ಚೀಲ, ಅದು ಖಾಲಿ ಇದ್ದರೂ ಅದೇ ಹೆಸರು. ಸಾಕ್ ದ ಲ್ಯಾಂಝ್ ಅಂದರೆ ಬಟ್ಟೆ ತುಂಬಿರುವ ಚೀಲ. ಒಂದೇ ಪುಟ್ಟ ಪದ ಬದಲಾದರೆ ಅರ್ಥವೇ ಬದಲು! ಎಷ್ಟು ಚೆಂದ.

ಕಸದ ಚೀಲಕ್ಕೆ ಯಾವ ಪುಟ್ಟ ಪದವೂ ಬೇಡ, ಸುಮ್ನೆ ಸಾಕ್ ಪುಬೆಲ್. ಪುಬೆಲ್ ಒಬ್ಬ ಮನುಷ್ಯನ ಹೆಸರು. ಪ್ಯಾರಿಸ್ಸಿನ ಆಡಳಿತ ನೋಡಿಕೊಳ್ಳುತ್ತಿದ್ದ ಯೂಜೆನ್ ಪುಬೆಲ್ 1883ರಲ್ಲಿ ಮನೆಗಳ ಮುಂದೆ ಕಸದ ಡಬ್ಬಿ ಇಡಬೇಕೆಂದು ಆದೇಶ ಹೊರಡಿಸಿದರು. ಅಂದಿನಿಂದ ಡಬ್ಬಿಗೆ ಅವರದೇ ಹೆಸರು.

ವಿಮಾನ ನಿಲ್ದಾಣದಲ್ಲಿ ಬೇಕಾಗುವ ಪದ ಬಗಾಝ್, ಇಂಗ್ಲಿಷಿನ ಲಗೇಜ್. ಇಂಗ್ಲಿಷಿನವರ ಬ್ಯಾಗೇಜ್ ಹುಟ್ಟಿದ್ದೂ ಇದರಿಂದಲೇ. ಒಳಗೆ ಒಯ್ಯುವುದು ಬಗಾಝ್ ಕಬೀನ್, ವಿಮಾನದ ಹೊಟ್ಟೆಗೆ ಹೋಗುವುದು ಬಗಾಝ್ ಆಂ ಸೂತ್.

ಚಿಕ್ಕ ಚೀಲಗಳಲ್ಲಿ ಪೋಶೆತ್ ಅಂದರೆ ಕ್ಲಚ್, ಕೈಯಲ್ಲಿ ಹಿಡಿದುಕೊಳ್ಳುವ ಪುಟ್ಟ ಬ್ಯಾಗ್. ತ್ರೂಸ್ ಅಂದರೆ ಪೆನ್ಸಿಲ್ ಪೌಚ್. ತ್ರೂಸ್ ದ ತ್ವಾಲೆತ್‌ನಲ್ಲಿ ಬ್ರಶ್ಶು, ಸೋಪು. ಸೊಂಟಕ್ಕೆ ಕಟ್ಟುವುದು ಬನಾನ್, ಆಕಾರ ಬಾಳೆಹಣ್ಣಿನದು ತಾನೇ. ಸಶೇ ಅಂದರೆ ಪೊಟ್ಟಣ, ಟೀ ಬ್ಯಾಗ್‌ಗೆ ಸಶೇ ದ ತೇ. ಶಾಲೆಯ ಮಕ್ಕಳದು ಕಾರ್ತಾಬ್ಲ್.

ಪರ್ಸ್ ಅನ್ನುವಾಗ ಜಾಸ್ತಿ ಎಚ್ಚರ ಬೇಕು. ಅಮೆರಿಕದವರ ಪರ್ಸ್ ಅಂದರೆ ಸಾಕ್ ಆ ಮ್ಯಾಂ, ಬ್ರಿಟನ್ನಿನವರ ಪರ್ಸ್ ಅಂದರೆ ಚಿಲ್ಲರೆ ಇಡುವ ಪೋರ್ತ್‌ಮೊನೇ. ನೋಟು, ಕಾರ್ಡು ಇಡುವ ವ್ಯಾಲೆಟ್ ಪೋರ್ತ್‌ಫಯ್. ಬೂರ್ಸ್ ಅನ್ನೋ ಹಳೆಯ ಪದಕ್ಕೂ ಹಣದ ಸಂಚಿ ಎಂಬ ಅರ್ಥವಿದೆ, ಆದರೆ ಇವತ್ತು ಅದು ಹೆಚ್ಚಾಗಿ ಷೇರುಪೇಟೆ ಅಥವಾ ವಿದ್ಯಾರ್ಥಿವೇತನ. ಬೋರ್ಡೋದ ನದಿ ದಂಡೆಯ ದೊಡ್ಡ ಚೌಕದ ಹೆಸರೂ ಪ್ಲಾಸ್ ದ ಲಾ ಬೂರ್ಸ್. ಅಲ್ಲಿ ಪರ್ಸ್ ಮಾರುವುದಿಲ್ಲ.

ಇನ್ನು ಅಂಗಡಿಯ ಚೀಲ. ಫ್ರಾನ್ಸಿನಲ್ಲಿ 2016ರ ಜುಲೈ 1ರಿಂದ ಬಿಲ್ ಕೌಂಟರಿನಲ್ಲಿ ತೆಳು ಪ್ಲಾಸ್ಟಿಕ್ ಚೀಲ ಕೊಡುವಂತಿಲ್ಲ. ಹಾಗಾಗಿ ಕಬಾ ಒಯ್ಯಬೇಕು, ಅಂದರೆ ಹಿಡಿಗಳಿರುವ ಶಾಪಿಂಗ್ ಬ್ಯಾಗ್. ಬರೆಯುವಾಗ ಅದರ ಕೊನೆಯಲ್ಲಿ ಸ್ ಇರುತ್ತದೆ, ಅದನ್ನು ಉಚ್ಚರಿಸಬೇಡಿ. ಬೋರ್ಡೋದಲ್ಲಿ ಕೌಂಟರಿನವರು ನನ್ನನ್ನು "ವೂಲೇ ವೂ ಉನ್ ಪೋಶ್?" ಎಂದು ಕೇಳಿದಾಗ ನಾನು ಉತ್ತರಿಸದೆ ನಿಂತುಬಿಟ್ಟೆ. ಪುಸ್ತಕದಲ್ಲಿ ಪೋಶ್ ಅಂದರೆ ಜೇಬು ಎಂದಿತ್ತು. ನೈಋತ್ಯ ಫ್ರಾನ್ಸಿನಲ್ಲಿ ಮಾತ್ರ ಅಂಗಡಿಯ ಚೀಲವೂ ಪೋಶ್! ಪ್ಯಾರಿಸ್ಸಿನಲ್ಲಿ ಸಾಕ್ ಎಂದೇ ಕೇಳಿ.

ನುಡಿಗಟ್ಟುಗಳಲ್ಲಿ ನನಗೆ ತುಂಬ ಇಷ್ಟವಾದದ್ದು "ವಿದೇ ಸೋಂ ಸಾಕ್". ಪದಶಃ ತನ್ನ ಚೀಲ ಖಾಲಿ ಮಾಡುವುದು, ಅರ್ಥದಲ್ಲಿ ಮನಸ್ಸಿನಲ್ಲಿ ಅದುಮಿಟ್ಟಿದ್ದನ್ನೆಲ್ಲ ಹೇಳಿಬಿಡುವುದು. ಇಂಗ್ಲಿಷಿನಲ್ಲಿ ಗೆಟ್ ಇಟ್ ಆಫ್ ಯುವರ್ ಚೆಸ್ಟ್. ಕ್ರಾಂತಿಗೂ ಮುಂಚೆ ಫ್ರೆಂಚ್ ನ್ಯಾಯಾಲಯಗಳಲ್ಲಿ ಪ್ರತಿ ಮೊಕದ್ದಮೆಯ ಕಾಗದಗಳನ್ನು ಒಂದು ಚೀಲದಲ್ಲಿ ಕಟ್ಟಿಡುತ್ತಿದ್ದರು. ಈ ಮಾತು ಅಲ್ಲಿಂದಲೇ ಬಂದಿದೆ ಎನ್ನುತ್ತಾರೆ. "ಲಾಫೆರ್ ಎ ದಾಂ ಲ ಸಾಕ್" ಅಂದರೆ ಕೆಲಸ ಗೆದ್ದಂತೆಯೇ, ಇಟ್ಸ್ ಇನ್ ದ ಬ್ಯಾಗ್. ಇದಕ್ಕೂ ಆ ಚೀಲವೇ ಮೂಲವಂತೆ.

"ಲಾ ಮ್ಯಾಂ ದಾಂ ಲ ಸಾಕ್" ಸಿಕ್ಕಿಬಿದ್ದರೆ ರೆಡ್ ಹ್ಯಾಂಡೆಡ್ ಆಗಿ ಸಿಕ್ಕಿಬಿದ್ದಂತೆ. ಬಿಡಿಸಲಾರದ ಗೋಜಲಿಗೆ ಗಂಟುಗಳ ಚೀಲ, ಸಾಕ್ ದ ನ್ಯೋ. ಇಂಗ್ಲಿಷರ ಕ್ಯಾನ್ ಆಫ್ ವರ್ಮ್ಸ್ ಇದಕ್ಕೆ ಹತ್ತಿರ. ಗಂಟುಮೂಟೆ ಕಟ್ಟಿ ಹೊರಡುವುದು "ಪ್ಲಿಯೇ ಬಗಾಝ್".

ಇನ್ನೊಂದು, ನಿದ್ದೆಗೆಟ್ಟಾಗ ಬೇಕಾಗುತ್ತದೆ. ಕಣ್ಣ ಕೆಳಗೆ ಊದಿದ್ದರೆ ಇಂಗ್ಲಿಷಿನಲ್ಲಿ ಬ್ಯಾಗ್ಸ್, ಫ್ರೆಂಚ್‌ನಲ್ಲಿ ಪೋಶ್. ಪರೀಕ್ಷೆಯ ವಾರ ನನ್ನ ಗೆಳತಿ ನನ್ನ ಮುಖ ನೋಡಿ ಪೋಶ್ ಅನ್ನಲಿಲ್ಲ, ವಲೀಜ಼್ ಅಂದಳು. ಊತ ಜಾಸ್ತಿಯಾದರೆ ಅವರು ಜೇಬು ಬಿಟ್ಟು ಸೂಟ್‌ಕೇಸ್ ಹಿಡಿಯುತ್ತಾರೆ.