ಕಂಪನಿ ಇಲ್ಲಿ, ನೌಕರ ಅಲ್ಲಿ: ವಿದೇಶದಲ್ಲಿ ನೇಮಕ ಮಾಡಿ ಪಗಾರ ಕೊಡುವುದು ಹೇಗೆ?

ತಿಕೋಟಾ, ಬಬಲೇಶ್ವರ ಸೀಮೆಯ ಒಣದ್ರಾಕ್ಷಿಯನ್ನು ಕೊಲ್ಲಿ ದೇಶಗಳಿಗೆ ಕಳುಹಿಸುವ ವಿಜಯಪುರದ ವ್ಯಾಪಾರಿಯಾಗಲಿ, ಜರ್ಮನಿಯ ಯಂತ್ರ ತಯಾರಕರಿಗೆ ಎರಕದ ಬಿಡಿಭಾಗ ಪೂರೈಸುವ ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಮಾಲೀಕರಾಗಲಿ, ವ್ಯವಹಾರ ಒಂದು ಮಟ್ಟಕ್ಕೆ ಬೆಳೆದ ಮೇಲೆ ಒಂದೇ ಪ್ರಶ್ನೆಯನ್ನು ಎದುರಿಸುತ್ತಾರೆ. ಗಿರಾಕಿಯ ಊರಿನಲ್ಲೇ ನಮ್ಮವರೊಬ್ಬರು ಇರಬೇಕು. ಅವರನ್ನು ನೇಮಿಸಿಕೊಳ್ಳುವುದು ಹೇಗೆ, ತಿಂಗಳ ಪಗಾರವನ್ನು ಇಲ್ಲಿಂದ ತಲುಪಿಸುವುದು ಹೇಗೆ? ದಲಾಲರ ಮೂಲಕ ನಡೆಯುವ ವ್ಯಾಪಾರದಲ್ಲಿ ಮಾಲು ತಲುಪುತ್ತದೆ. ಆದರೆ ದೂರು ಬಗೆಹರಿಸುವುದು, ಬಾಕಿ ವಸೂಲಿ ಮಾಡುವುದು, ಹೊಸ ಗಿರಾಕಿಯನ್ನು ಹುಡುಕುವುದು ಯಾವುದೂ ಫೋನಿನಲ್ಲಿ ಮುಗಿಯುವ ಕೆಲಸವಲ್ಲ.

ಲೆಕ್ಕಕ್ಕೆ ಇಳಿಯುವ ಮುನ್ನ ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಬೇಕು. ನೌಕರರಿಗೆ ಅನ್ವಯಿಸುವುದು ಅವರು ಕುಳಿತು ಕೆಲಸ ಮಾಡುವ ನೆಲದ ಕಾನೂನೇ ಹೊರತು ಮಾಲೀಕರ ಊರಿನದಲ್ಲ. ನೇಮಕಾತಿ ಪತ್ರಕ್ಕೆ ಬೆಳಗಾವಿಯಲ್ಲಿ ಸಹಿ ಮಾಡಿ, ‘ಯಾವುದೇ ವ್ಯಾಜ್ಯ ಬೆಳಗಾವಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂಬ ಸಾಲನ್ನು ಸೇರಿಸಿದ ಮಾತ್ರಕ್ಕೆ ಆ ದೇಶದ ಕನಿಷ್ಠ ವೇತನ, ರಜೆ, ವಿಮೆ ಮತ್ತು ವಜಾ ನಿಯಮಗಳು ತಪ್ಪುವುದಿಲ್ಲ.

ಮೊದಲು ಕೆಲಸವನ್ನು ಕಾಗದಕ್ಕೆ ಇಳಿಸಿ

ಹುದ್ದೆಯ ಹೆಸರಿಗಿಂತ ಆ ವ್ಯಕ್ತಿಗೆ ಕೊಡುವ ಅಧಿಕಾರ ಮುಖ್ಯ. ದೇಶದೇಶಗಳ ನಡುವಿನ ತೆರಿಗೆ ಒಪ್ಪಂದಗಳಲ್ಲಿ ‘ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್’ ಎಂಬ ಪರಿಕಲ್ಪನೆಯಿದೆ. ನಿಮ್ಮ ಪ್ರತಿನಿಧಿ ಅಲ್ಲಿದ್ದುಕೊಂಡು ನಿಮ್ಮ ಪರವಾಗಿ ಕರಾರುಗಳನ್ನು ಮೇಲಿಂದ ಮೇಲೆ ಅಂತಿಮಗೊಳಿಸುತ್ತಿದ್ದರೆ, ಬಾಡಿಗೆಯ ಕಚೇರಿಯೂ ಇಲ್ಲದ ಕಂಪನಿಗೆ ಆ ದೇಶದಲ್ಲಿ ಕಾಯಂ ನೆಲೆಯಿದೆ ಎಂದು ಅಲ್ಲಿನ ತೆರಿಗೆ ಇಲಾಖೆ ತೀರ್ಮಾನಿಸಿ, ಆ ನೆಲೆಗೆ ಸಲ್ಲುವ ಲಾಭದ ಮೇಲೆ ತೆರಿಗೆ ಕೇಳಬಹುದು. ಆದ್ದರಿಂದ ದರ ನಿಗದಿಯನ್ನೂ ಕರಾರಿನ ಸಹಿಯನ್ನೂ ಇಲ್ಲಿಯೇ ಇಟ್ಟುಕೊಂಡು, ಗಿರಾಕಿಯ ಸಂಪರ್ಕ ಮತ್ತು ಮಾಲಿನ ತಪಾಸಣೆಯನ್ನಷ್ಟೇ ಪ್ರತಿನಿಧಿಗೆ ವಹಿಸುವುದು ಆರಂಭದಲ್ಲಿ ಸುರಕ್ಷಿತ. ಆದರೆ ಕಾಗದದಲ್ಲಿ ಹೀಗೆ ಬರೆದು, ವ್ಯವಹಾರವನ್ನೆಲ್ಲ ಅವರೇ ಕುದುರಿಸುತ್ತಿದ್ದರೆ ಇಲಾಖೆ ನೋಡುವುದು ನಡೆದ ವ್ಯವಹಾರವನ್ನೇ.

ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಿ

ನಮ್ಮ ಕಡೆಯ ಉದ್ಯಮಿಗಳಿಗೆ ಮೊದಲು ಹೊಳೆಯುವ ದಾರಿ, ಅಲ್ಲಿನ ಒಬ್ಬರನ್ನು ‘ಕಮಿಷನ್ ಏಜೆಂಟ್’ ಎಂದು ಬರೆದುಕೊಂಡು ತಿಂಗಳಿಗಿಷ್ಟು ಎಂದು ಕೊಡುವುದು. ಆ ವ್ಯಕ್ತಿ ನಿಜವಾಗಿಯೂ ಸ್ವತಂತ್ರವಾಗಿ ಹಲವು ಕಂಪನಿಗಳ ಕೆಲಸ ಮಾಡುತ್ತಿದ್ದರೆ ಇದರಲ್ಲಿ ತಪ್ಪಿಲ್ಲ. ಆದರೆ ನಿಮ್ಮೊಬ್ಬರಿಗೇ ದುಡಿಯುತ್ತ, ನೀವು ಹೇಳಿದ ಹೊತ್ತಿಗೆ, ನೀವು ಹೇಳಿದಂತೆ ಕೆಲಸ ಮಾಡುವವರು ಕಾನೂನಿನ ಕಣ್ಣಿಗೆ ನೌಕರರೇ. ಜರ್ಮನಿಯಲ್ಲಿ ಇಂಥ ತೋರಿಕೆಯ ಸ್ವಉದ್ಯೋಗ ಪತ್ತೆಯಾದರೆ ಸಾಮಾಜಿಕ ವಿಮೆಯ ಹಿಂಬಾಕಿಯಲ್ಲಿ ಮಾಲೀಕರ ಪಾಲನ್ನಷ್ಟೇ ಅಲ್ಲ, ನೌಕರರ ಪಾಲನ್ನೂ ಮಾಲೀಕರಿಂದಲೇ ವಸೂಲು ಮಾಡುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷಗಳ ಬಾಕಿಯನ್ನು ಕೇಳಬಹುದಾದರೆ, ಬೇಕೆಂದೇ ತಪ್ಪಿಸಿದ್ದಾರೆ ಎಂದಾದಲ್ಲಿ ಆ ಅವಧಿ 30 ವರ್ಷ. ಉಳಿತಾಯದ ಹೆಸರಿನಲ್ಲಿ ಈ ದಾರಿ ಹಿಡಿಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿ ಆಯ್ಕೆ.

ಎರಡನೆಯದು ಇಲ್ಲಿನ ನೌಕರರನ್ನೇ ಸ್ವಲ್ಪ ಕಾಲ ಅಲ್ಲಿಗೆ ಕಳುಹಿಸುವುದು. ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿದ್ದು, ಅದರ ಸಮಗ್ರ ರೂಪ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಅರ್ಜಿ ಹಾಕಿ ‘ಸರ್ಟಿಫಿಕೇಟ್ ಆಫ್ ಕವರೇಜ್’ ಪಡೆದರೆ, ನಿಗದಿತ ಅವಧಿಯವರೆಗೆ ಪಿಎಫ್ ಇಲ್ಲಿಯೇ ಮುಂದುವರಿಯುತ್ತದೆ. ಅಲ್ಲಿನ ಪಿಂಚಣಿ ವಂತಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಯುಎಇ ಜೊತೆ ನಮಗೆ ಇಂಥ ಒಪ್ಪಂದವಿಲ್ಲ. ಅಲ್ಲಿಗೆ ಕಳುಹಿಸುವವರು ಹತ್ತನೆಯ ತರಗತಿ ಪಾಸಾಗದೆ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯವಿರುವ) ಪಾಸ್‌ಪೋರ್ಟ್ ಹೊಂದಿದ್ದರೆ, ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ವಲಸೆ ಅನುಮತಿ ಪಡೆಯಬೇಕು, ಜೊತೆಗೆ 10 ಲಕ್ಷ ರೂಪಾಯಿ ರಕ್ಷಣೆಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ವಿಸಿಟ್ ವೀಸಾದಲ್ಲಿ ಕಳುಹಿಸಿ ಕೆಲಸ ಮಾಡಿಸುವುದನ್ನು ಯಾರೇ ಸಲಹೆ ನೀಡಿದರೂ ಒಪ್ಪಬೇಡಿ.

ಮೂರನೆಯದು ‘ಎಂಪ್ಲಾಯರ್ ಆಫ್ ರೆಕಾರ್ಡ್’, ಸಂಕ್ಷಿಪ್ತವಾಗಿ ಇಒಆರ್. ಆ ದೇಶದಲ್ಲಿ ಪರವಾನಗಿ ಪಡೆದ ಸಂಸ್ಥೆಯೊಂದು ದಾಖಲೆಯ ಮಟ್ಟಿಗೆ ಮಾಲೀಕನಾಗಿ ನೌಕರರನ್ನು ತನ್ನ ಹೆಸರಿನಲ್ಲಿ ನೇಮಿಸಿಕೊಂಡು ಪಗಾರ, ತೆರಿಗೆ ಮತ್ತು ವಿಮೆಯನ್ನು ನಿರ್ವಹಿಸುತ್ತದೆ; ದಿನದ ಕೆಲಸವನ್ನು ನೀವು ಹೇಳುತ್ತೀರಿ; ಪಗಾರದ ಮೇಲೆ ಸೇವಾ ಶುಲ್ಕ ಸೇರಿಸಿ ನಿಮಗೆ ಬಿಲ್ಲು ಬರುತ್ತದೆ. ಒಬ್ಬಿಬ್ಬರನ್ನು ನೇಮಿಸಿ ಮಾರುಕಟ್ಟೆಯನ್ನು ಪರೀಕ್ಷಿಸುವ ಹಂತದಲ್ಲಿ ಇದೇ ಯೋಗ್ಯ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ಎಚ್ಚರಿಕೆಗಳಿವೆ. ಜರ್ಮನಿಯಲ್ಲಿ ಇಂಥ ಏರ್ಪಾಡು ಸಾಮಾನ್ಯವಾಗಿ ಕಾರ್ಮಿಕರ ಎರವಲು ಕಾನೂನಿನ ಅಡಿ ಬರುತ್ತದೆ. ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಮತ್ತು ಒಬ್ಬರನ್ನೇ ಒಂದೇ ಕಂಪನಿಗೆ ಒದಗಿಸುವ ಗರಿಷ್ಠ ಅವಧಿ ಮೂಲ ನಿಯಮದಂತೆ 18 ತಿಂಗಳು. ಎರಡನೆಯ ಎಚ್ಚರಿಕೆ ಇಲ್ಲಿಯದು. ನಿಮ್ಮದೇ ನೌಕರರಿಗೆ ಕೊಡುವ ಪಗಾರಕ್ಕೆ ಜಿಎಸ್‌ಟಿ ಇಲ್ಲವಾದರೂ ಇಒಆರ್ ಬಿಲ್ಲು ಸೇವೆಯ ಆಮದು ಎನಿಸಿಕೊಳ್ಳುವುದರಿಂದ, ಅದರ ಮೇಲೆ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತೆರಿಗೆಯನ್ನು ನೀವೇ ಕಟ್ಟಬೇಕಾಗುತ್ತದೆ. ರಫ್ತುದಾರರಿಗೆ ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ ಅದು ಹಿಂತಿರುಗುತ್ತದೆಯಾದರೂ ಅಲ್ಲಿಯವರೆಗೆ ದುಡಿಯುವ ಬಂಡವಾಳ ಸಿಕ್ಕಿಕೊಳ್ಳುತ್ತದೆ.

ನಾಲ್ಕನೆಯದು ಅಲ್ಲಿಯೇ ಶಾಖೆ ಅಥವಾ ಅಂಗಸಂಸ್ಥೆ ತೆರೆಯುವುದು. ಯುಎಇಯಲ್ಲಿ ಕೆಲಸದ ಪರವಾನಗಿ ಕೊಡಿಸಲು ಅಲ್ಲಿನ ಲೈಸೆನ್ಸ್ ಹೊಂದಿದ ಸಂಸ್ಥೆಯೇ ಬೇಕಾದ್ದರಿಂದ, ಇಒಆರ್ ಬೇಡವೆಂದರೆ 1985ರಲ್ಲಿ ಆರಂಭವಾದ ಜೆಬೆಲ್ ಅಲಿಯಂಥ ಮುಕ್ತ ವಲಯದಲ್ಲಾಗಲಿ, ಹೊರಗಿನ ‘ಮೇನ್‌ಲ್ಯಾಂಡ್’ನಲ್ಲಾಗಲಿ ನೋಂದಣಿ ಅನಿವಾರ್ಯ. ಮೂರು ನಾಲ್ಕು ಜನರಿಗೆ ಕಾಯಂ ಕೆಲಸವಿದೆ ಎಂದಾದ ಮೇಲೆ ಮಾತ್ರ ಈ ಖರ್ಚಿಗೆ ಅರ್ಥ ಬರುತ್ತದೆ.

ಪಗಾರವಲ್ಲ, ಪೂರ್ಣ ಖರ್ಚನ್ನು ಲೆಕ್ಕಹಾಕಿ

ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸೇವಾ ಅಂತ್ಯದ ಗ್ರಾಚ್ಯುಟಿ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಿಂದ ಜಾರಿಯಲ್ಲಿದ್ದು, ಅದರಂತೆ ಒಂದು ವರ್ಷ ಪೂರೈಸಿದ ವಿದೇಶಿ ನೌಕರರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಮೂಲ ವೇತನವನ್ನು ಕೊಡಬೇಕು. ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ನಮ್ಮ ಗ್ರಾಚ್ಯುಟಿಗೆ ಕಾಯಂ ನೌಕರರು ಐದು ವರ್ಷ ಕಾಯುವುದೇ ರೂಢಿಯಾದ್ದರಿಂದ ಈ ವ್ಯತ್ಯಾಸ ಅನೇಕರ ಅಂದಾಜನ್ನು ತಪ್ಪಿಸುತ್ತದೆ.

ಉದಾಹರಣೆಗೆ, ತಿಂಗಳಿಗೆ 10,000 ದಿರ್ಹಮ್ ಕೊಡುವುದಾಗಿ ಮಾತಾಗಿದೆ ಎನ್ನೋಣ. ಅದರಲ್ಲಿ 6,000 ಮೂಲ ವೇತನ, 4,000 ಮನೆ ಮತ್ತು ಓಡಾಟದ ಭತ್ಯೆ ಎಂದು ಒಪ್ಪಂದದಲ್ಲಿ ಬಿಡಿಸಿ ಬರೆದಿದ್ದರೆ, ದಿನಕ್ಕೆ 200ರಂತೆ 21 ದಿನಗಳಿಗೆ 4,200 ದಿರ್ಹಮ್ ವರ್ಷದ ಗ್ರಾಚ್ಯುಟಿ. ಬಿಡಿಸದೆ ಇಡೀ 10,000ವನ್ನು ಮೂಲ ವೇತನವೆಂದು ಬರೆದರೆ ಅದೇ ಮೊತ್ತ 7,000ಕ್ಕೆ ಏರುತ್ತದೆ. ಮೂಲ ವೇತನವನ್ನು ತೀರ ಇಳಿಸಿ ಬರೆಯುವ ಚಾಳಿಯೂ ಅಲ್ಲಿದೆ. ಒಳ್ಳೆಯ ನೌಕರರು ಅದನ್ನು ಮೊದಲ ಭೇಟಿಯಲ್ಲೇ ಗುರುತಿಸುತ್ತಾರೆ ಎಂಬುದು ನೆನಪಿರಲಿ. ಮೇಲಿನ ಲೆಕ್ಕದಂತೆ ತಿಂಗಳಿಗೆ 350 ದಿರ್ಹಮ್ ಪ್ರತ್ಯೇಕವಾಗಿ ತೆಗೆದಿಟ್ಟರೆ ಕೊನೆಗೆ ಹೊರೆಯಾಗುವುದಿಲ್ಲ. ಇದರ ಮೇಲೆ ವೀಸಾ ಮತ್ತು ನೇಮಕಾತಿಯ ಖರ್ಚು, ಆರೋಗ್ಯ ವಿಮೆ, ವರ್ಷಕ್ಕೆ 30 ದಿನಗಳ ಸಂಬಳಸಹಿತ ರಜೆ ಸೇರುತ್ತವೆ. ನೇಮಕಾತಿಯ ಖರ್ಚನ್ನು ನೌಕರರ ಪಗಾರದಲ್ಲಿ ಮುರಿದುಕೊಳ್ಳುವುದು, ‘ಭದ್ರವಾಗಿರಲಿ’ ಎಂದು ಅವರ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದು ಎರಡೂ ನಿಷಿದ್ಧ.

ಜರ್ಮನಿಯ ಲೆಕ್ಕವೇ ಬೇರೆ. ಅಲ್ಲಿ ಪಿಂಚಣಿ ವಿಮೆ ವೇತನದ ಶೇ 18.6, ಆರೋಗ್ಯ ವಿಮೆ ಶೇ 14.6 ಮತ್ತು ಆಯಾ ವಿಮಾ ನಿಧಿಯ ಹೆಚ್ಚುವರಿ ವಂತಿಗೆ, ನಿರುದ್ಯೋಗ ವಿಮೆ ಶೇ 2.6, ಆರೈಕೆ ವಿಮೆ ಶೇ 3.6 ಇದ್ದು, ಬಹುಮಟ್ಟಿಗೆ ಅರ್ಧ ನೌಕರರದು, ಅರ್ಧ ಮಾಲೀಕರದು. ಹೀಗೆ ಮಾಲೀಕರ ಪಾಲು ಶೇ 21ರ ಆಸುಪಾಸು ಬರುತ್ತದೆ. ತಿಂಗಳಿಗೆ 4,000 ಯೂರೊ ಪಗಾರವೆಂದರೆ ನಿಮ್ಮ ಖರ್ಚು 4,800 ಯೂರೊ ಮೀರುತ್ತದೆ. ಅಪಘಾತ ವಿಮೆಯ ಕಂತು ಪೂರ್ತಿ ಮಾಲೀಕರದೇ. ನೌಕರರು ಕಾಯಿಲೆ ಬಿದ್ದರೆ ಮೊದಲ ಆರು ವಾರಗಳ ಪೂರ್ಣ ವೇತನವೂ ಮಾಲೀಕರದೇ. ವಿಮಾ ನಿಧಿ ಕೊಡತೊಡಗುವುದು ಆನಂತರ. ಗಂಟೆಯ ಕನಿಷ್ಠ ವೇತನ 2025ರಲ್ಲಿ 12.82 ಯೂರೊ ಇದ್ದುದು 2026ರ ಜನವರಿಯಿಂದ 13.90ಕ್ಕೆ ಏರಿದೆ.

ಬ್ರಿಟನ್ನಿನ ಬಗ್ಗೆ ಎರಡೇ ಮಾತು. ಮಾಲೀಕರ ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸಾಮಾಜಿಕ ವಿಮೆ) ವಂತಿಗೆ 2025ರ ಏಪ್ರಿಲಿನಿಂದ ವರ್ಷಕ್ಕೆ 5,000 ಪೌಂಡ್ ಮೀರಿದ ವೇತನದ ಮೇಲೆ ಶೇ 15. ಅರ್ಹ ನೌಕರರ ಪಿಂಚಣಿಗೆ ಮಾಲೀಕರಿಂದ ಕನಿಷ್ಠ ಶೇ 3.

ಬ್ಯಾಂಕಿನ ಕಾಗದಪತ್ರ

ಅಂಗಸಂಸ್ಥೆ ತೆರೆಯುವುದಾದರೆ ಅದು ವಿದೇಶಿ ವಿನಿಮಯ ನಿರ್ವಹಣಾ ಕಾನೂನಾದ ‘ಫೆಮಾ’ ಅಡಿ ಸಾಗರೋತ್ತರ ಹೂಡಿಕೆ. 2022ರ ನಿಯಮಗಳಂತೆ ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕ್ ಶಾಖೆಯಲ್ಲಿ ‘ಫಾರ್ಮ್ ಎಫ್‌ಸಿ’ ಸಲ್ಲಿಸಿ, ವಿಶಿಷ್ಟ ಗುರುತು ಸಂಖ್ಯೆ ಪಡೆದ ಮೇಲೆಯೇ ಹಣ ಕಳುಹಿಸಬೇಕು. ಕಂಪನಿಯ ನಿವ್ವಳ ಮೌಲ್ಯದ ಶೇ 400ರವರೆಗೆ ಹೂಡಿಕೆಗೆ ಅವಕಾಶವಿದೆ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಾರ್ಯಸಾಧನೆಯ ವರದಿ ಕೊಡಬೇಕು. ತಾಲ್ಲೂಕು ಮಟ್ಟದ ಶಾಖೆಗಳಲ್ಲಿ ಇಂಥ ಅರ್ಜಿಗಳು ಅಪರೂಪವಾದ್ದರಿಂದ, ಇಂಡಿ ಅಥವಾ ಜಮಖಂಡಿಯ ಶಾಖೆಯಲ್ಲಿ ಖಾತೆ ಇರುವವರು ತಮ್ಮ ಬ್ಯಾಂಕಿನ ಯಾವ ಶಾಖೆ ಈ ಕೆಲಸವನ್ನು ದಿನವೂ ಮಾಡುತ್ತದೆ ಎಂದು ವಿಚಾರಿಸಿ ಅಲ್ಲಿಂದಲೇ ನಡೆಸುವುದು ಒಳಿತು.

ಇಒಆರ್ ಬಿಲ್ಲಿಗಾದರೆ ಇಷ್ಟು ಸುತ್ತು ಇಲ್ಲ. ಒಪ್ಪಂದದ ಪ್ರತಿ, ಇನ್‌ವಾಯ್ಸ್, ಆದಾಯ ತೆರಿಗೆ ಜಾಲತಾಣದಲ್ಲಿ ಸಲ್ಲಿಸುವ ನಮೂನೆ, ಅಗತ್ಯವಿದ್ದಲ್ಲಿ ಲೆಕ್ಕಪರಿಶೋಧಕರ ಪ್ರಮಾಣಪತ್ರ ಸಾಕು. ರಫ್ತಿನಿಂದ ಬಂದ ವಿದೇಶಿ ಹಣವನ್ನು ‘ಇಇಎಫ್‌ಸಿ’ ಎಂಬ ವಿದೇಶಿ ಕರೆನ್ಸಿ ಖಾತೆಯಲ್ಲಿಟ್ಟು ಅದರಿಂದಲೇ ಪಾವತಿಸಿದರೆ ಎರಡು ಸಲ ವಿನಿಮಯದ ಖರ್ಚು ತಪ್ಪುತ್ತದೆ. ಆದರೆ ಆ ಖಾತೆಯಲ್ಲಿ ಹಣವನ್ನು ಬೇಕಾದಷ್ಟು ಕಾಲ ಕೂಡಿಡುವಂತಿಲ್ಲ. ದಿರ್ಹಮ್ 1997ರಿಂದಲೂ ಡಾಲರಿಗೆ 3.6725ರ ದರದಲ್ಲಿ ಬಿಗಿದಿರುವುದರಿಂದ, ಪಗಾರದ ಅಂದಾಜಿಗೆ ರೂಪಾಯಿ ಮತ್ತು ಡಾಲರಿನ ಏರಿಳಿತವನ್ನು ಗಮನಿಸಿದರೆ ಸಾಕು.

ದುಬೈಯಲ್ಲಿರುವ ನೆಂಟರಿಂದ ನಗದು ಕೊಡಿಸಿ, ಆ ಮೊತ್ತವನ್ನು ಇಲ್ಲಿ ರೂಪಾಯಿಯಲ್ಲಿ ಸರಿಮಾಡಿಕೊಳ್ಳುವ ಪದ್ಧತಿಗೆ ನಮ್ಮ ಮಾರುಕಟ್ಟೆಗಳಲ್ಲಿ ಹೆಸರು ಹೇಳಬೇಕಾಗಿಲ್ಲ. ಅದು ಫೆಮಾ ಉಲ್ಲಂಘನೆ. ಅಲ್ಲಿನ ದಾಖಲೆಯಲ್ಲಿಯೂ ಪಗಾರ ಕೊಟ್ಟಂತಾಗುವುದಿಲ್ಲ.

ತಿಂಗಳ ದಿನಗಳನ್ನು ಗುರುತು ಹಾಕಿ

ಯುಎಇಯಲ್ಲಿ ಪಗಾರ ‘ವೇಜ್ ಪ್ರೊಟೆಕ್ಷನ್ ಸಿಸ್ಟಂ’ ಮೂಲಕ ಹೋಗುತ್ತದೆ. 2009ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕಂಪನಿ ವೇತನದ ವಿವರದ ಕಡತವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಹೌಸಿಗೆ ಕೊಡುತ್ತದೆ; ಯಾರಿಗೆ ಎಷ್ಟು, ಯಾವಾಗ ಜಮೆಯಾಯಿತು ಎಂಬುದು ಸರ್ಕಾರಕ್ಕೆ ನೇರವಾಗಿ ಕಾಣುತ್ತದೆ. ವಿಳಂಬ ಮುಂದುವರಿದರೆ ಹೊಸ ಪರವಾನಗಿಗಳು ನಿಲ್ಲುತ್ತವೆ.

ಜರ್ಮನಿಯಲ್ಲಿ ನಮ್ಮವರು ಎಡವುವುದು ಗಡುವಿನಲ್ಲಿ. ಇಲ್ಲಿ ಪಿಎಫ್ ವಂತಿಗೆಗೆ ಮುಂದಿನ ತಿಂಗಳ 15ರವರೆಗೆ ಕಾಲಾವಕಾಶ. ಅಲ್ಲಿ ಸಾಮಾಜಿಕ ವಿಮೆಯ ವಂತಿಗೆ ಅದೇ ತಿಂಗಳ ಕೊನೆಯಿಂದ ಮೂರನೆಯ ಬ್ಯಾಂಕ್ ದಿನಕ್ಕೇ ತಲುಪಿರಬೇಕು, ಅದೂ ನೌಕರರು ಆರಿಸಿಕೊಂಡ ಆರೋಗ್ಯ ವಿಮಾ ನಿಧಿಯ ಖಾತೆಗೆ. ಪಿಂಚಣಿ, ನಿರುದ್ಯೋಗ ವಿಮೆಯ ಪಾಲುಗಳನ್ನು ಆ ನಿಧಿಯೇ ಹಂಚುತ್ತದೆ. ವೇತನ ತೆರಿಗೆಯನ್ನು ತಿಂಗಳಿಗೊಮ್ಮೆ ಕಟ್ಟುವವರಿಗೆ ಮರುತಿಂಗಳ 10 ಕೊನೆಯ ದಿನ. ಬ್ರಿಟನ್ನಿನಲ್ಲಿ ಪಗಾರದ ವಿವರವನ್ನು ಪಾವತಿಯ ದಿನ ಅಥವಾ ಅದಕ್ಕೆ ಮೊದಲೇ ತೆರಿಗೆ ಇಲಾಖೆಗೆ ಸಲ್ಲಿಸಬೇಕು.

ರಜೆಯ ಪಟ್ಟಿಯನ್ನೂ ಮೊದಲೇ ತರಿಸಿಕೊಳ್ಳಿ. ಗಣೇಶ ವಿಸರ್ಜನೆಗೆ ಬೆಳಗಾವಿಯ ಕಚೇರಿ ಮುಚ್ಚಿದ್ದರೂ ಅಲ್ಲಿನ ಗಡುವು ಮುಂದೆ ಹೋಗುವುದಿಲ್ಲ. ನಮ್ಮ ರಾಜ್ಯೋತ್ಸವದ ನವೆಂಬರ್ 1 ಬವೇರಿಯಾದಲ್ಲಿಯೂ ರಜೆ, ಹ್ಯಾಂಬರ್ಗಿನಲ್ಲಿ ಅಲ್ಲ. ಅಲ್ಲಿ ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ರಂಜಾನ್ ತಿಂಗಳಲ್ಲಿ ಯುಎಇಯ ಕೆಲಸದ ವೇಳೆ ದಿನಕ್ಕೆ ಎರಡು ಗಂಟೆ ಕಡಿಮೆ.

ಬಿಡುಗಡೆಯ ಷರತ್ತುಗಳನ್ನು ನೇಮಕದ ದಿನವೇ ಓದಿ

ಯುಎಇ, ಜರ್ಮನಿ ಎರಡೂ ದೇಶಗಳಲ್ಲಿ ಪ್ರೊಬೇಷನ್ ಅವಧಿ ಆರು ತಿಂಗಳು ಮೀರುವಂತಿಲ್ಲ. ಯುಎಇಯಲ್ಲಿ ಆನಂತರದ ನೋಟಿಸ್ 30ರಿಂದ 90 ದಿನ. ಕೆಲಸ ಮುಗಿದ 14 ದಿನಗಳೊಳಗೆ ಗ್ರಾಚ್ಯುಟಿ, ಉಳಿದ ರಜೆಯ ಹಣ ಸೇರಿದಂತೆ ಎಲ್ಲ ಬಾಕಿ ತೀರಿಸಬೇಕು. ಜರ್ಮನಿಯಲ್ಲಿ ಪ್ರೊಬೇಷನ್ನಿನೊಳಗೆ ಎರಡು ವಾರಗಳ ನೋಟಿಸ್ ಸಾಕು. ಆದರೆ ಇಮೇಲ್, ವಾಟ್ಸ್ಆ್ಯಪ್ ಅಥವಾ ಸ್ಕ್ಯಾನ್ ಮಾಡಿದ ಪತ್ರದಲ್ಲಿ ಕೊಟ್ಟ ನೋಟಿಸ್ ಅಲ್ಲಿ ಊರ್ಜಿತವಲ್ಲ; ಶಾಯಿಯಲ್ಲಿ ಸಹಿ ಮಾಡಿದ ಮೂಲ ಕಾಗದವೇ ನೌಕರರ ಕೈ ಸೇರಬೇಕು, ಮತ್ತು ಸೇರಿದ ದಿನದಿಂದ ನ್ಯಾಯಾಲಯಕ್ಕೆ ಹೋಗಲು ಅವರಿಗೆ ಮೂರು ವಾರಗಳ ಕಾಲಾವಕಾಶವಿದೆ. ಸಹಿ ಮಾಡುವ ನಿರ್ದೇಶಕರು ಬೆಳಗಾವಿಯಲ್ಲಿದ್ದರೆ ಕೊರಿಯರ್ ತಲುಪುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದು, ಪ್ರೊಬೇಷನ್ ಮುಗಿಯುವ ದಿನಾಂಕಕ್ಕಿಂತ ಸಾಕಷ್ಟು ಮುಂಚೆಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ.