ಎರಡು ಬಾರಿ ಬದಲಾಯಿಸಿದರೂ ಹೆಚ್ಚು ಉಳಿಯಿತು: ಕೆನಡಾಕ್ಕೆ ಹೊರಟ ಕುಟುಂಬದ ಹಣವನ್ನು ದಾವಣಗೆರೆಯಿಂದಲೇ ಕಳುಹಿಸಿದ ನನ್ನ ಅನುಭವ

ವಲಸೆ ಹೋಗುವ ಕುಟುಂಬದ ರೂಪಾಯಿಯನ್ನು ಮೊದಲು ಅಮೆರಿಕ ಡಾಲರಿಗೆ ಬದಲಾಯಿಸಿ, ಅದನ್ನು ಮತ್ತೆ ಕೆನಡಾ ಡಾಲರಿಗೆ ಬದಲಾಯಿಸಿದರೆ, ನೇರವಾಗಿ ಒಂದೇ ಬಾರಿ ಬದಲಾಯಿಸುವುದಕ್ಕಿಂತ ಹೆಚ್ಚು ಹಣ ಕೈಗೆ ಸಿಗುತ್ತದೆ ಎಂದು 2024ರ ಆರಂಭದಲ್ಲಿ ನಾನು ಹೇಳಿದಾಗ ನಮ್ಮ ವೃತ್ತಿಯ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. ಚಿತ್ರದುರ್ಗದಲ್ಲಿ ತೆರಿಗೆ ಸಲಹೆ ನೀಡುವ ಹಿರಿಯರೊಬ್ಬರು, ಎರಡು ಕಡೆ ಬದಲಾಯಿಸಿದರೆ ಎರಡು ಕಡೆಯೂ ಕಳೆದುಕೊಳ್ಳುತ್ತೀರಿ ಎಂದು ಖಚಿತವಾಗಿ ಹೇಳಿದರು. ಬ್ಯಾಂಕಿನ ಶಾಖೆಯವರು, ಇಂಥ ದರವೆಲ್ಲ ಬೆಂಗಳೂರಿನ ರಫ್ತುದಾರರಿಗೆ ಮಾತ್ರ ಸಿಗುತ್ತದೆ, ದಾವಣಗೆರೆಯ ಉಳಿತಾಯ ಖಾತೆಗೆ ಸಿಗುವುದಿಲ್ಲ ಎಂದರು. ಆ ಹಣ ಈಗ ಟೊರೊಂಟೊದಲ್ಲಿ ಜಮೆಯಾಗಿ, ಲೆಕ್ಕ ಮುಗಿದು, ಕಡತ ಮುಚ್ಚಿದೆ. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಎಲ್.ಆರ್.ಎಸ್. ಎಂದರೆ ಇಲ್ಲಿನ ನಿವಾಸಿಗಳು ಒಂದು ಮಿತಿಯೊಳಗೆ ಹೊರದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಅವಕಾಶ, ಎ-2 ಫಾರ್ಮ್ ಅದಕ್ಕಾಗಿ ಬ್ಯಾಂಕಿಗೆ ಕೊಡುವ ಅರ್ಜಿ, ಟಿ.ಸಿ.ಎಸ್. ಎಂದರೆ ಹಾಗೆ ಕಳುಹಿಸುವಾಗ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ.

ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗಿಗಳು, ಹುಡುಗನ ಊರು ಚನ್ನಗಿರಿ ತಾಲ್ಲೂಕಿನಲ್ಲಿ. ಹಿಂದಿನ ವರ್ಷವೇ ಕೆಲವು ದಿನಗಳ ಮಟ್ಟಿಗೆ ಕೆನಡಾಕ್ಕೆ ಹೋಗಿ, ಕಾಯಂ ನಿವಾಸದ (ಪಿ.ಆರ್.) ಪತ್ರಗಳನ್ನು ಪಡೆದು, ಸೋಷಿಯಲ್ ಇನ್ಶೂರೆನ್ಸ್ ಸಂಖ್ಯೆ ಮಾಡಿಸಿಕೊಂಡು, ಅಲ್ಲಿನ ಬ್ಯಾಂಕೊಂದರಲ್ಲಿ ಜಂಟಿ ಖಾತೆ ತೆರೆದು ವಾಪಸು ಬಂದಿದ್ದರು. ಕೆಲಸ ಬಿಟ್ಟು ಪೂರ್ತಿಯಾಗಿ ಹೊರಡುವುದು ಯುಗಾದಿಯ ನಂತರ ಎಂದು ಮನೆಯವರು ನಿಶ್ಚಯಿಸಿದ್ದರು. ನಾನು ಕೇಳಿಕೊಂಡದ್ದು ಒಂದೇ: ಜಂಟಿ ಖಾತೆಯ ಜೊತೆಗೆ ಅಮೆರಿಕ ಡಾಲರಿನ ಖಾತೆಯನ್ನೂ ಇಬ್ಬರ ಹೆಸರಿನಲ್ಲಿಯೇ ತೆರೆದಿರಬೇಕು. ಕುಟುಂಬದವರ ಮಿತಿಗಳನ್ನು ಒಟ್ಟುಗೂಡಿಸಿ ಹೊರದೇಶದ ಖಾತೆಗೆ ಹಣ ಹಾಕುವಾಗ, ಕಳುಹಿಸುವವರೆಲ್ಲ ಆ ಖಾತೆಯ ಪಾಲುದಾರರಾಗಿರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಅನೇಕರು ಗಮನಿಸುವುದೇ ಇಲ್ಲ. ಅಮೆರಿಕ ಡಾಲರಿನಲ್ಲಿ ಇಟ್ಟ ಠೇವಣಿಗೂ 2020ರಿಂದ ಕೆನಡಾದ ಠೇವಣಿ ವಿಮೆ ಅನ್ವಯಿಸುತ್ತದೆ ಎಂಬುದನ್ನು ಹುಡುಗನ ತಂದೆಗೆ ತಿಳಿಸಿದ ಮೇಲೆಯೇ ಅವರಿಗೆ ಧೈರ್ಯ ಬಂತು.

ಒಟ್ಟು ಹಣ 28 ಲಕ್ಷ. ಆಗ ಟಿ.ಸಿ.ಎಸ್. ಇಲ್ಲದ ಮಿತಿ ಪ್ಯಾನ್ ಒಂದಕ್ಕೆ, ಹಣಕಾಸು ವರ್ಷವೊಂದಕ್ಕೆ 7 ಲಕ್ಷ. ಅದರ ಮೇಲಿನ ಮೊತ್ತಕ್ಕೆ 2023ರ ಅಕ್ಟೋಬರ್ 1ರಿಂದ ಶೇ. 20. ಹುಡುಗನ ಪ್ಯಾನ್ ಒಂದರಲ್ಲಿಯೇ ಮಾರ್ಚ್‌ನಲ್ಲಿ ಎಲ್ಲವನ್ನೂ ಕಳುಹಿಸಿದ್ದರೆ 4 ಲಕ್ಷದ 20 ಸಾವಿರ ರೂಪಾಯಿ ಸರಕಾರದ ಬಳಿ ಸಿಕ್ಕಿಕೊಳ್ಳುತ್ತಿತ್ತು. ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು, ಸರಿ. ಆದರೆ ಹೊಸ ದೇಶದಲ್ಲಿ ಮನೆ ಬಾಡಿಗೆಗೆ ಮುಂಗಡ ಕೊಡಬೇಕಾದ ತಿಂಗಳಲ್ಲಿ ಆ ಹಣ 26 ಎ.ಎಸ್. ಎಂಬ ತೆರಿಗೆ ಜಮೆಯ ಪಟ್ಟಿಯಲ್ಲಿ ಕಾಣಿಸಿದರೆ ಯಾರಿಗೆ ಪ್ರಯೋಜನ? ಆದ್ದರಿಂದ ಇಬ್ಬರ ಪ್ಯಾನ್, ಎರಡು ಹಣಕಾಸು ವರ್ಷ, ಒಟ್ಟು ನಾಲ್ಕು ಕಂತು ಎಂದು ವಿಂಗಡಿಸಿದೆ. ಫಾರೆಕ್ಸ್ ಕಾರ್ಡಿಗೆ ತುಂಬುವ ಹಣ ಮತ್ತು ಕೈಯಲ್ಲಿ ಒಯ್ಯುವ ನೋಟು ಕೂಡ ಇದೇ ಏಳು ಲಕ್ಷದೊಳಗೆ ಸೇರುತ್ತವೆ. ಅದಕ್ಕೆಂದು ಎರಡೂವರೆ ಲಕ್ಷದಷ್ಟನ್ನು ಬದಿಗಿಟ್ಟು, ಉಳಿದ ಇಪ್ಪತ್ತೈದೂವರೆ ಲಕ್ಷವನ್ನು ಬ್ಯಾಂಕ್ ಮೂಲಕ ಕಳುಹಿಸಿದೆವು. ಕಂತು ಹೆಚ್ಚಾದಂತೆ ಪರಿವರ್ತನೆಯ ಮೇಲಿನ ಜಿ.ಎಸ್.ಟಿ. ಹೆಚ್ಚಾಗುತ್ತದೆ, ಏಕೆಂದರೆ ಹತ್ತು ಲಕ್ಷ ದಾಟಿದ ಮೇಲಿನ ಕಡಿಮೆ ದರ ಸಣ್ಣ ಕಂತುಗಳಿಗೆ ಸಿಗುವುದಿಲ್ಲ. ಆ ವ್ಯತ್ಯಾಸ ಸುಮಾರು ಒಂದೂವರೆ ಸಾವಿರ ರೂಪಾಯಿ, ನಾಲ್ಕು ಲಕ್ಷದ ಎದುರು ಲೆಕ್ಕಕ್ಕೆ ಬಾರದ್ದು.

ನಾನು ನೆಚ್ಚಿಕೊಂಡದ್ದು ಎಫ್‌ಎಕ್ಸ್-ರೀಟೇಲ್ ವೇದಿಕೆಯನ್ನು. 2019ರ ಆಗಸ್ಟ್‌ನಿಂದ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಅಂಗಸಂಸ್ಥೆ ನಡೆಸುತ್ತಿರುವ ಈ ವೇದಿಕೆಯಲ್ಲಿ ಸಾಮಾನ್ಯ ಗ್ರಾಹಕನೂ ಅಂತರಬ್ಯಾಂಕ್ ಮಾರುಕಟ್ಟೆಯ, ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ವಹಿವಾಟು ನಡೆಸುವ ದರದಲ್ಲಿ ಡಾಲರ್ ಕೊಳ್ಳಬಹುದು. ಬ್ಯಾಂಕು ತನ್ನ ಶುಲ್ಕವೆಷ್ಟು ಎಂಬುದನ್ನು ಮೊದಲೇ ತಿಳಿಸಿ ಅಷ್ಟನ್ನೇ ಪಡೆಯಬೇಕು. ನಮ್ಮ ದಾವಣಗೆರೆಯಲ್ಲಿ ಇದನ್ನು ಬಳಸಿದ ವ್ಯಕ್ತಿಗತ ಗ್ರಾಹಕರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲ ಪ್ರಯತ್ನ ಫಲಿಸಲಿಲ್ಲ. ದಂಪತಿಗಳ ಸಂಬಳದ ಖಾತೆಯಿದ್ದ ಬ್ಯಾಂಕಿನ ಇಲ್ಲಿನ ಶಾಖೆಯವರು ಅರ್ಜಿಯನ್ನು ಪಡೆದುಕೊಂಡರು, ಬೆಂಗಳೂರಿನ ವಿದೇಶಿ ವಿನಿಮಯ ವಿಭಾಗಕ್ಕೆ ಕಳುಹಿಸಿದೆವು ಎಂದರು, ವಾರಗಳು ಕಳೆದರೂ ವೇದಿಕೆಯಲ್ಲಿ ನೋಂದಣಿಗೆ ಅನುಮೋದನೆ ಬರಲಿಲ್ಲ. ಕೇಳಿದಾಗಲೆಲ್ಲ ಶಾಖೆಯ ಫಲಕದಲ್ಲಿದ್ದ ಕಾರ್ಡ್ ದರವನ್ನೇ ತೋರಿಸುತ್ತಿದ್ದರು. ಅಂತರಬ್ಯಾಂಕ್ ದರ 83ರ ಆಸುಪಾಸಿನಲ್ಲಿದ್ದಾಗ ಅವರ ಡಾಲರ್ ದರ 84 ರೂಪಾಯಿ 60 ಪೈಸೆಗೂ ಮೇಲೆ. ಕೆನಡಾ ಡಾಲರಿಗೆ ಸುಮಾರು 63 ರೂಪಾಯಿ ಹೇಳಿದರು, ಮಾರುಕಟ್ಟೆಯಲ್ಲಿ ಅದು 61 ಚಿಲ್ಲರೆ ಇತ್ತು. ವಿನಿಮಯದಲ್ಲಿ ಗ್ರಾಹಕ ಕಳೆದುಕೊಳ್ಳುವ ನಿಜವಾದ ಹಣ ಇಲ್ಲಿದೆ. ಹಣ ರವಾನೆಯ ಸ್ವಿಫ್ಟ್ ಶುಲ್ಕ ಐನೂರೋ ಸಾವಿರವೋ ಎಂದು ಎಲ್ಲರೂ ಚೌಕಾಸಿ ಮಾಡುತ್ತಾರೆ, ದರದೊಳಗೆ ಅಡಗಿರುವ ಶೇ. 3ರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಎರಡನೆಯ ಬ್ಯಾಂಕಿನಲ್ಲಿ ನೋಂದಣಿಗೆ ಒಪ್ಪಿದರು, ಆದರೆ ಖಾತೆ ಹೊಸದು. ಖಾತೆಗೆ ಒಂದು ವರ್ಷವಾಗಿರಬೇಕು ಎಂಬ ನಿಯಮವನ್ನು ಮುಂದಿಟ್ಟು ಕಡತವನ್ನು ಹಿಂದಿರುಗಿಸಿದರು. ಅದೇ ನಿಯಮದ ಮುಂದಿನ ಸಾಲುಗಳನ್ನು, ಅಂದರೆ ಹೊಸ ಗ್ರಾಹಕರಾದರೆ ಹಳೆಯ ಬ್ಯಾಂಕಿನ ಹಿಂದಿನ ವರ್ಷದ ವಹಿವಾಟು ಪಟ್ಟಿಯನ್ನೋ ಆದಾಯ ತೆರಿಗೆ ರಿಟರ್ನನ್ನೋ ಪಡೆದು ಮುಂದುವರಿಯಬಹುದು ಎಂಬುದನ್ನು, ಮುದ್ರಿಸಿ ಅರ್ಜಿಗೆ ಲಗತ್ತಿಸಿದ ಮೇಲೆ ಕೆಲಸ ನಡೆಯಿತು. ಅದಾದ ಮೇಲೆ ಹೆಸರಿನ ತೊಡಕು. ನಮ್ಮ ಕಡೆಯವರ ಹೆಸರುಗಳು ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಜೊತೆಗೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದು, ಕೆನಡಾದ ಖಾತೆಯಲ್ಲಿ ಪಾಸ್‌ಪೋರ್ಟಿನಂತೆ ಇರುತ್ತವೆ. ಪರೀಕ್ಷೆಗೆಂದು ಕಳುಹಿಸಿದ ಸಣ್ಣ ಮೊತ್ತವೊಂದು ಈ ಕಾರಣಕ್ಕೆ ಜಮೆಯಾಗದೆ ಹಿಂದಿರುಗಿತು, ಬರುವಾಗ ಮಧ್ಯವರ್ತಿ ಬ್ಯಾಂಕು ಇಪ್ಪತ್ತು ಚಿಲ್ಲರೆ ಡಾಲರ್ ಕಡಿತ ಮಾಡಿಕೊಂಡಿತ್ತು. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರಕ್ಕೆ ಅಲ್ಲಿನ ಬ್ಯಾಂಕು ಬೆಲೆ ಕೊಡಲಿಲ್ಲ. ಪ್ಯಾನ್ ತಿದ್ದುಪಡಿ ಮಾಡಿಸಿ, ಇಲ್ಲಿನ ಖಾತೆಯ ಹೆಸರನ್ನು ಪಾಸ್‌ಪೋರ್ಟಿಗೆ ಸರಿಹೊಂದಿಸಿದ ಮೇಲೆಯೇ ಹಣ ಸಲೀಸಾಗಿ ಹೋಯಿತು. ಈಗ ನನ್ನ ಬಳಿ ಬರುವ ಯಾವ ಕುಟುಂಬಕ್ಕೂ ದರದ ಮಾತಿಗಿಂತ ಮೊದಲು ಹೆಸರಿನ ಮಾತೇ.

ತಂದೆಯ ಪಾಲಿನ ಹಣದ್ದು ಬೇರೆ ಕಥೆ. ಅವರು ಅಡಿಕೆ ಮಾರಿದ ಹಣದಲ್ಲಿ ಸೊಸೆಗೆ ಕೊಡುಗೆಯಾಗಿ ಆರು ಲಕ್ಷದಷ್ಟು ಕೊಡಬೇಕೆಂದಿದ್ದರು. ನಗದಾಗಿ ತಂದು ಸೊಸೆಯ ಖಾತೆಗೆ ಹಾಕಿದ್ದರೆ ಎ-2 ಫಾರ್ಮ್ ಅಲ್ಲಿಯೇ ನಿಲ್ಲುತ್ತಿತ್ತು, ಎರಡು ಲಕ್ಷ ಮುಟ್ಟಿದ ಅಥವಾ ದಾಟಿದ ನಗದಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 269 ಎಸ್.ಟಿ. ಕಲಮಿನ ದಂಡ ಬೇರೆ. ಸಹಕಾರ ಸಂಘದ ಮಾರಾಟ ಬಿಲ್ಲು, ಪಹಣಿ, ಸಂಘದಿಂದ ತಂದೆಯ ಖಾತೆಗೆ ಜಮೆಯಾದ ವಿವರ, ಅಲ್ಲಿಂದ ಸೊಸೆಯ ಖಾತೆಗೆ ಆರ್.ಟಿ.ಜಿ.ಎಸ್., ಜೊತೆಗೊಂದು ಸರಳ ಕೊಡುಗೆ ಪತ್ರ, ಇಷ್ಟನ್ನು ಒಂದೇ ಪುಟದಲ್ಲಿ ಅನುಕ್ರಮವಾಗಿ ಬರೆದುಕೊಟ್ಟೆ. ಬ್ಯಾಂಕಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 15 ಸಿ.ಬಿ. ಎಂಬ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕೆಂದು ಒಬ್ಬ ಅಧಿಕಾರಿ ಕೇಳಿದ್ದರು. ಎಲ್.ಆರ್.ಎಸ್. ಅಡಿಯಲ್ಲಿ ವ್ಯಕ್ತಿ ಕಳುಹಿಸುವ ಇಂಥ ಹಣಕ್ಕೆ ಆದಾಯ ತೆರಿಗೆಯ 37 ಬಿ.ಬಿ. ನಿಯಮದ ವಿನಾಯಿತಿ ಇದೆ ಎಂದು ತೋರಿಸಿದ ಮೇಲೆ ಕೈಬಿಟ್ಟರು.

ಮಾರ್ಚ್ ಕಂತನ್ನು ತಿಂಗಳ ಕೊನೆಯ ವಾರಕ್ಕೆ ಎಳೆಯಲಿಲ್ಲ. ಆ ವರ್ಷ 25ಕ್ಕೆ ಹೋಳಿ, 29ಕ್ಕೆ ಗುಡ್ ಫ್ರೈಡೇ, ಏಪ್ರಿಲ್ 1ಕ್ಕೆ ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಕ್ತಾಯ. ಅಷ್ಟರೊಳಗೆ ಕಡತ ಸಿಕ್ಕಿಕೊಂಡರೆ ಒಂದು ವರ್ಷದ ಮಿತಿಯೇ ಕೈತಪ್ಪುತ್ತಿತ್ತು. ವೇದಿಕೆಯಲ್ಲಿ ನಮಗೆ ಸಿಕ್ಕ ದರ, ಬ್ಯಾಂಕಿನ ಶುಲ್ಕವೂ ಸೇರಿ, ಎರಡೂ ವರ್ಷದ ಕಂತುಗಳ ಸರಾಸರಿಯಲ್ಲಿ 83 ರೂಪಾಯಿ 50 ಪೈಸೆಯ ಸುತ್ತ ಇತ್ತು. ಅದೇ ದಿನ ಹಣ ಪಾವತಿಸುವ ಕ್ಯಾಶ್ ದರ, ಎರಡು ದಿನ ಬಿಟ್ಟು ಪಾವತಿಸುವ ಸ್ಪಾಟ್ ದರಕ್ಕಿಂತ ಒಂದೆರಡು ಪೈಸೆ ಅಗ್ಗ. ನಾನು ಪ್ರಯತ್ನಿಸಿ ನೋಡಿದೆ, ಆದರೆ ಆ ಪೈಸೆಗಾಗಿ ಶಾಖೆಯವರನ್ನು ಬೆಳಿಗ್ಗೆಯೇ ಧಾವಂತಕ್ಕೆ ಒಡ್ಡುವುದು ಯೋಗ್ಯವಲ್ಲ. ಬ್ಯಾಂಕಿನ ಶುಲ್ಕವನ್ನು ಇಪ್ಪತ್ತು ಪೈಸೆಯೊಳಗೆ ಇಳಿಸಲು ನಾನು ಯಾರಿಗೆ, ಯಾವ ಒಕ್ಕಣೆಯಲ್ಲಿ ಪತ್ರ ಬರೆದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ದುಡಿಮೆಯ ಭಾಗ. ಆದೇಶ ಹಾಕಲು ದಿನದ ಯಾವ ಹೊತ್ತು ಒಳ್ಳೆಯದೆಂಬುದೂ ಹಾಗೆಯೇ.

ಏಪ್ರಿಲ್ ಕಂತನ್ನು ಯುಗಾದಿಗೆ ಮೊದಲೇ, ಅವರು ವಿಮಾನ ಹತ್ತುವ ಮೊದಲೇ ಮುಗಿಸಿದೆ. ವಲಸೆ ಹೊರಟವರು ದೇಶ ಬಿಟ್ಟ ಕ್ಷಣದಿಂದ ವಿದೇಶಿ ವಿನಿಮಯ ಕಾನೂನಾದ ಫೆಮಾ ಪ್ರಕಾರ ಅನಿವಾಸಿಗಳು, ಆಮೇಲೆ ಎಲ್.ಆರ್.ಎಸ್. ಅವರಿಗಿಲ್ಲ. ಉಳಿದ ಹಣ ಅನಿವಾಸಿಗಳು ಇಲ್ಲಿ ಇಡುವ ಎನ್.ಆರ್.ಒ. ಖಾತೆಯ ಹಾದಿಯಲ್ಲಿಯೇ, ಆ ಖಾತೆಯ ಕಾಗದಪತ್ರಗಳೊಂದಿಗೇ ಹೋಗಬೇಕು.

ಎರಡನೆಯ ಹೆಜ್ಜೆ ಕೆನಡಾದಲ್ಲಿ. ಡಾಲರ್ ಖಾತೆಯಿಂದ ಅಲ್ಲಿನ ಬ್ಯಾಂಕಿನ ಕೌಂಟರಿನಲ್ಲಿಯೇ ಕೆನಡಾ ಡಾಲರಿಗೆ ಬದಲಾಯಿಸಿದರೆ ಶೇ. 2ಕ್ಕೂ ಹೆಚ್ಚು ಹೋಗುತ್ತದೆ, ಆಗ ಚಿತ್ರದುರ್ಗದ ಹಿರಿಯರ ಮಾತೇ ನಿಜವಾಗುತ್ತದೆ. ಅಲ್ಲಿ ಬಹಳ ಜನ ಬಳಸುವ ನಾರ್ಬರ್ಟ್ಸ್ ಗ್ಯಾಂಬಿಟ್ ಎಂಬ ವಿಧಾನವನ್ನು ನಾನು ಹುಡುಗನಿಗೆ ಬರೆದುಕೊಟ್ಟೆ. ಟೊರೊಂಟೊ ಷೇರುಪೇಟೆಯಲ್ಲಿ ಡಿ.ಎಲ್.ಆರ್. ಎಂಬ ನಿಧಿಯೊಂದು ಎರಡು ನಾಣ್ಯಗಳಲ್ಲಿ ವಹಿವಾಟಾಗುತ್ತದೆ. ಅಮೆರಿಕ ಡಾಲರಿನ ಘಟಕಗಳನ್ನು ಕೊಂಡು, ಬ್ರೋಕರಿಗೆ ಹೇಳಿ ಅವನ್ನು ಕೆನಡಾ ಡಾಲರಿನ ಬದಿಗೆ ವರ್ಗಾಯಿಸಿ, ಅಲ್ಲಿ ಮಾರಬೇಕು. ಖರ್ಚು ಎರಡು ಬಾರಿಯ ದಲ್ಲಾಳಿ ಶುಲ್ಕ, ಇಪ್ಪತ್ತು ಕೆನಡಾ ಡಾಲರಿನಷ್ಟು. ಹೊಸಬರಾದ ಕಾರಣ ಬ್ರೋಕರ್ ಖಾತೆ ತೆರೆಯಲು ವಿಳಾಸದ ಪುರಾವೆಗಾಗಿ ಕಾಯಬೇಕಾಯಿತು, ವರ್ಗಾವಣೆಗೆ ಫೋನಿನಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಮೇ 27ರಿಂದ ಅಲ್ಲಿನ ಷೇರುಪೇಟೆಯ ಲೆಕ್ಕ ಮರುದಿನವೇ ಇತ್ಯರ್ಥವಾಗತೊಡಗಿದ್ದು ಅನುಕೂಲವಾಯಿತು. ಜೂನ್ ಆರಂಭದಲ್ಲಿ 1.367ರ ಆಸುಪಾಸಿನ ದರದಲ್ಲಿ ಎಲ್ಲವೂ ಕೆನಡಾ ಡಾಲರ್ ಆಯಿತು. ನೇರ ದಾರಿಯಲ್ಲಿ ನಲವತ್ತು ಸಾವಿರದ ಐನೂರು ಕೆನಡಾ ಡಾಲರಿಗಿಂತ ಸ್ವಲ್ಪ ಕಡಿಮೆ ಸಿಗುತ್ತಿತ್ತು, ನಮಗೆ ಸಿಕ್ಕಿದ್ದು ನಲವತ್ತೊಂದೂವರೆ ಸಾವಿರದ ಹತ್ತಿರ. ರೂಪಾಯಿಯಲ್ಲಿ ಅರವತ್ತು ಸಾವಿರ ಚಿಲ್ಲರೆ ಉಳಿಯಿತು, ಟಿ.ಸಿ.ಎಸ್. ಸೊನ್ನೆ. ಈ ಲೆಕ್ಕದ ಹಾಳೆಯನ್ನು ಚಿತ್ರದುರ್ಗದ ಹಿರಿಯರಿಗೆ ಕಳುಹಿಸಿದೆ. ಈಗ ಅವರೇ ಇಂಥ ಕಡತಗಳನ್ನು ನನ್ನ ಕಡೆಗೆ ಕಳುಹಿಸುತ್ತಾರೆ.

ದಂಪತಿಗಳು ಬ್ರೋಕರ್ ಖಾತೆಗಾಗಿ ಕಾಯುತ್ತಿದ್ದ ವಾರಗಳಲ್ಲಿ ನಡೆಸಿದ ಒಂದು ಉಪಪ್ರಯೋಗವೂ ಹೇಳುವಂಥದ್ದು. ವಿದೇಶಿ ಖರ್ಚಿಗೆ ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಇಲ್ಲದ ಇಲ್ಲಿನ ಕ್ರೆಡಿಟ್ ಕಾರ್ಡನ್ನು ದಿನಸಿಗೂ ಬಸ್ಸಿಗೂ ಬಳಸಿ, ಬಿಲ್ಲನ್ನು ಇಲ್ಲಿಂದ ಕಟ್ಟಿದರು. ಕೆನಡಾ ಡಾಲರಿಗೆ 61 ರೂಪಾಯಿ ಚಿಲ್ಲರೆ ಬಿತ್ತು, ಫಾರೆಕ್ಸ್ ಕಾರ್ಡಿನಲ್ಲಿ ಅದೇ 63. ಹೊರದೇಶದಲ್ಲಿರುವಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚನ್ನು ಎಲ್.ಆರ್.ಎಸ್. ಒಳಗೆ ತರುವ ತಿದ್ದುಪಡಿಯನ್ನು ಸರಕಾರ 2023ರ ಜೂನ್‌ನಲ್ಲಿಯೇ ತಡೆಹಿಡಿದಿರುವುದರಿಂದ ಟಿ.ಸಿ.ಎಸ್. ಮಾತೂ ಇರಲಿಲ್ಲ. ಹಾಗಾಗಿ ಫಾರೆಕ್ಸ್ ಕಾರ್ಡಿಗೆ ನಾನು ಈಗ ತೀರ ಕಡಿಮೆ ಹಾಕಿಸುತ್ತೇನೆ. ಓ.ಟಿ.ಪಿ. ಬರುವ ಸಿಮ್ ಮಾತ್ರ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು. ಸಂಬಂಧಿಕರೊಬ್ಬರು ಇಲ್ಲಿ ರೂಪಾಯಿ ಕೊಡಿ, ಅಲ್ಲಿ ಡಾಲರ್ ಕೊಡಿಸುತ್ತೇನೆ ಎಂದು ಒಳ್ಳೆಯ ದರ ಹೇಳಿದ್ದರು. ಅದು ಫೆಮಾ ಉಲ್ಲಂಘನೆ, ಅಂಥವರ ಕಡತವನ್ನು ನಾನು ಮುಟ್ಟುವುದಿಲ್ಲ.

ಮುಂದಿನ ವರ್ಷ, 2025ರಲ್ಲಿ, ಹರಿಹರದ ಕುಟುಂಬವೊಂದಕ್ಕೆ ಇದೇ ಕ್ರಮ ಅನುಸರಿಸಿದೆ. ಏಪ್ರಿಲ್ 1ರಿಂದ ಮಿತಿ 10 ಲಕ್ಷಕ್ಕೆ ಏರಿದ್ದರಿಂದ ಮಾರ್ಚ್‌ನಲ್ಲಿ ತಲಾ ಏಳು, ಏಪ್ರಿಲ್‌ನಲ್ಲಿ ತಲಾ ಹತ್ತು, ಒಟ್ಟು 34 ಲಕ್ಷ ಟಿ.ಸಿ.ಎಸ್. ಇಲ್ಲದೆ ಹೋಯಿತು. ಇಲ್ಲಿನ ಕೆಲಸವೆಲ್ಲ ಸುಸೂತ್ರ. ಆದರೆ ಅವರ ಬ್ರೋಕರ್ ಖಾತೆ ತಡವಾಯಿತು, ಅಷ್ಟರಲ್ಲಿ ಅಮೆರಿಕ ಡಾಲರ್ ಕೆನಡಾ ಡಾಲರಿನ ಎದುರು ಮಾರ್ಚ್‌ನ 1.43ರಿಂದ ಜೂನ್ ಹೊತ್ತಿಗೆ 1.37ಕ್ಕೆ ಇಳಿಯಿತು. ಎರಡು ಸಾವಿರ ಕೆನಡಾ ಡಾಲರಿನಷ್ಟು ಕರಗಿತು, ಅಂದರೆ ದರದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು. ಹಿಂದಿನ ವರ್ಷ ಈ ಎರಡು ನಾಣ್ಯಗಳ ನಡುವಿನ ದರ ಹೆಚ್ಚು ಅಲುಗಾಡದೆ ನಮ್ಮ ಕಡೆಗೇ ಸ್ವಲ್ಪ ವಾಲಿತ್ತು, 2025ರಲ್ಲಿ ಹಾಗಾಗಲಿಲ್ಲ. ಆದ್ದರಿಂದ ಈಗ ನಾನು ಮಾರ್ಚ್ ಕಂತನ್ನು, ಶುಲ್ಕವನ್ನು ಜಗ್ಗಿ ಇಳಿಸಿ, ನೇರವಾಗಿ ಕೆನಡಾ ಡಾಲರಿನಲ್ಲಿಯೇ ಕಳುಹಿಸುತ್ತೇನೆ, ಹೊರಡುವ ಮುನ್ನಾದಿನಗಳ ಏಪ್ರಿಲ್ ಕಂತನ್ನು ಮಾತ್ರ ವೇದಿಕೆಯ ಮೂಲಕ ಅಮೆರಿಕ ಡಾಲರಿನಲ್ಲಿ ಕಳುಹಿಸುತ್ತೇನೆ. ಅಲ್ಲಿ ಇಳಿದ ವಾರದಲ್ಲಿಯೇ ಬ್ರೋಕರ್ ಖಾತೆಗೆ ಅರ್ಜಿ ಹಾಕುವುದಾಗಿಯೂ, ಇಲ್ಲಿನ ಉಳಿತಾಯ ಖಾತೆಯನ್ನು ಎನ್.ಆರ್.ಒ. ಮಾಡಿಸುವ ಪತ್ರಕ್ಕೆ ಹೊರಡುವ ಮೊದಲೇ ಸಹಿ ಹಾಕಿ ನನ್ನ ಕಚೇರಿಯಲ್ಲಿ ಬಿಟ್ಟುಹೋಗುವುದಾಗಿಯೂ ಒಪ್ಪಿದವರ ಕಡತವನ್ನು ಮಾತ್ರ ತೆಗೆದುಕೊಳ್ಳುತ್ತೇನೆ.